ಒಯ್ದದ್ದನ್ನು ಊರಿಗೆ ಮರಳಿ ತನ್ನಿ: ಮೂರು ಜಿಲ್ಲೆಗಳ ವಿಶ್ವವಿದ್ಯಾಲಯಗಳಿಗೆ ಒಂದು ಬಹಿರಂಗ ಪತ್ರ

ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳಿಗೆ ಹಾಗೂ ಎಲ್ಲ ಅಧ್ಯಯನ ವಿಭಾಗಗಳ ಮುಖ್ಯಸ್ಥರಿಗೆ,

ಗೌರವಪೂರ್ವಕ ನಮಸ್ಕಾರಗಳು.

ನಾನು ಬಾಗಲಕೋಟೆ ಜಿಲ್ಲೆಯ ಒಂದು ಪುನರ್ವಸತಿ ಕೇಂದ್ರದಲ್ಲಿ ವಾಸವಾಗಿರುವ ನಿವೃತ್ತ ಪ್ರೌಢಶಾಲಾ ಶಿಕ್ಷಕ. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಮುಳುಗಿದ, ಘಟಪ್ರಭೆಯ ದಂಡೆಯ ಊರೊಂದರಲ್ಲಿ ಹುಟ್ಟಿ ಬೆಳೆದವನು. ಹೋದ ತಿಂಗಳು ನಮ್ಮ ಕೇಂದ್ರಕ್ಕೆ ಸ್ನಾತಕೋತ್ತರ ವಿದ್ಯಾರ್ಥಿಗಳ ಒಂದು ತಂಡ ಬಂದಿತ್ತು. ಪರಿಹಾರದ ಹಣ ಯಾವ ವರ್ಷ ಬಂತು, ಎಷ್ಟು ಬಂತು, ಅದನ್ನು ಯಾವುದಕ್ಕೆ ಖರ್ಚು ಮಾಡಿದಿರಿ, ಈಗ ಮನೆಯಲ್ಲಿ ಎಷ್ಟು ಮಂದಿ ದುಡಿಯುತ್ತಾರೆ ಎಂದು ಅವರು ಪ್ರಶ್ನಾವಳಿ ಹಿಡಿದು ಮನೆಮನೆಗೆ ಹೋಗಿ ಕೇಳುತ್ತಿದ್ದರು. ನನ್ನ ಪಕ್ಕದ ಮನೆಯ ಹಿರಿಯಾಕೆ ಅವರನ್ನು ಕೂರಿಸಿ, ಚಹಾ ಕೊಟ್ಟು, "ಇದನ್ನೆಲ್ಲಾ ನಿಮ್ಮಂಥವರು ಮೊದಲೇ ಬರಕೊಂಡು ಹೋಗ್ಯಾರಲ್ಲ ಯಪ್ಪಾ, ಅವರನ್ನ ಕೇಳಿದ್ರ ಆಗತಿರಲಿಲ್ಲೇನು?" ಎಂದಳು. ಆಕೆಯ ಮಾತಿನಲ್ಲಿ ಸಿಟ್ಟಿರಲಿಲ್ಲ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದೆ ಬಂದವರು ಯಾವ ವಿಭಾಗದವರು, ಏನು ಬರೆದರು, ಅದು ಎಲ್ಲಿದೆ ಎಂಬುದು ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಆ ಸಂಜೆಯೇ ಈ ಪತ್ರ ಬರೆಯಬೇಕೆಂದು ನಿಶ್ಚಯಿಸಿದೆ.

ನಮ್ಮ ಊರು ಖಾಲಿಯಾಗುವುದಕ್ಕೆ ಕೆಲವು ವರ್ಷಗಳ ಮುಂಚೆ, ಒಂದು ವಿಶ್ವವಿದ್ಯಾಲಯದಿಂದ ಒಬ್ಬ ಸಂಶೋಧನಾ ವಿದ್ಯಾರ್ಥಿ ಬಂದಿದ್ದ. ಒಳ್ಳೆಯ ಹುಡುಗ, ನಮ್ಮ ಮನೆಯಲ್ಲಿಯೇ ಮೂರು ದಿನ ಉಳಿದ. ಊರಿನ ನಕಾಶೆ ಬೇಕೆಂದು ಕೇಳಿದಾಗ ನನ್ನ ತಂದೆ ಅವನನ್ನು ಹನುಮಪ್ಪನ ಗುಡಿಯ ಕಟ್ಟೆಗೆ ಕರೆದುಕೊಂಡು ಹೋದರು. ಎಲೆ-ಅಡಿಕೆಯ ಚಂಚಿಯಿಂದ ಸುಣ್ಣದ ಡಬ್ಬಿ ತೆಗೆದು, ಬೆರಳಿಗೆ ಸುಣ್ಣ ಹಚ್ಚಿಕೊಂಡು, ಕರಿಯ ಹಾಸುಗಲ್ಲಿನ ಮೇಲೆ ಊರನ್ನೆಲ್ಲ ಬರೆದು ತೋರಿಸಿದರು. ಅಗಸಿ ಬಾಗಿಲಿನಿಂದ ಸುರು ಮಾಡಿ, ಕುಂಬಾರ ಓಣಿ, ತಳವಾರ ಓಣಿ, ದರ್ಗಾದ ಮುಂದಿನ ಬಯಲು, ಸಿಹಿನೀರಿನ ಬಾವಿ, ಸವಳು ನೀರಿನ ಬಾವಿ, ಹೊಳೆಗೆ ಇಳಿಯುವ ದಾರಿ. ಆಮೇಲೆ ಹೊಲಗಳು, ಕರಿಮಣ್ಣಿನ ಎರಿ ಯಾವುದು, ಕೆಂಪುಮಣ್ಣಿನ ಮಸಾರಿ ಯಾವುದು, ಯಾವ ಪಟ್ಟಿಗೆ ಯಾವ ಹೆಸರು, ಆ ಹೆಸರು ಏಕೆ ಬಂತು. ಸುಣ್ಣ ಒಣಗಿ ಗೆರೆ ಮಾಸಿದಂತೆಲ್ಲ ಮತ್ತೆ ತೀಡುತ್ತಿದ್ದರು. ಹುಡುಗ ಎರಡು ದಿನ ಕುಳಿತು ಎಲ್ಲವನ್ನೂ ಗ್ರಾಫ್ ಹಾಳೆಯ ಮೇಲೆ ಇಳಿಸಿಕೊಂಡ, ಮನೆಮನೆಯ ಹೆಸರು ಬರೆದುಕೊಂಡ, ಫೋಟೋ ತೆಗೆದ. ಹೋಗುವಾಗ, "ಮುಗಿದ ಮೇಲೆ ಒಂದು ಪ್ರತಿ ತಂದುಕೊಡತೀನಿ ಅಜ್ಜಾ" ಎಂದು ಹೇಳಿ ಕಾಲಿಗೆ ನಮಸ್ಕರಿಸಿ ಹೋದ.

ಅವನು ಮರಳಿ ಬರಲಿಲ್ಲ. ನಂತರ ನೀರು ಬಂತು. ನನ್ನ ತಂದೆ ಹೊಸ ಕೇಂದ್ರದ ತಗಡಿನ ಪತ್ರಾಸಿನ ಮನೆಯಲ್ಲಿ ಏಳು ವರ್ಷ ಬದುಕಿದರು. ನಾನು ಬಾಗಲಕೋಟೆಗೆ ಹೋಗಿ ಬಂದಾಗಲೆಲ್ಲ, "ಆ ಹುಡುಗನ ನಕಾಶಿ ಬಂತೇನೋ?" ಎಂದು ಕೇಳುತ್ತಿದ್ದರು. ನಾನು ಎರಡು ಸಲ ಆ ವಿಭಾಗಕ್ಕೆ ಕಾಗದ ಬರೆದೆ. ಒಂದು ಸಲ ಖುದ್ದಾಗಿ ಹೋದೆ. ಮಾರ್ಗದರ್ಶಕರು ನಿವೃತ್ತರಾಗಿದ್ದರು, ವಿದ್ಯಾರ್ಥಿಯ ವಿಳಾಸ ಸಿಗಲಿಲ್ಲ, ಪ್ರಬಂಧ ಗ್ರಂಥಾಲಯದ ಯಾವ ಕಪಾಟಿನಲ್ಲಿದೆ ಎಂದು ಹೇಳುವವರಿರಲಿಲ್ಲ. ಆ ವಿಭಾಗದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಇಂಥದು ಒಂದೇ ವಿಭಾಗದಲ್ಲಿ ನಡೆಯುವ ಸಂಗತಿಯಾಗಿದ್ದರೆ ಬಹಿರಂಗ ಪತ್ರದ ಅಗತ್ಯವೂ ಇರುತ್ತಿರಲಿಲ್ಲ.

ಪ್ರತಿ ವರ್ಷ ಮೇ ತಿಂಗಳಲ್ಲಿ ಹಿನ್ನೀರು ಇಳಿದಾಗ ನಮ್ಮ ಊರಿನ ಕೆಲವು ಗೋಡೆಗಳು ಮೇಲೇಳುತ್ತವೆ. ಬಿರಿದ ಕರಿಮಣ್ಣಿನ ಮೇಲೆ ನಡೆದು ಹೋಗಿ ನಮ್ಮ ಮನೆ ಇಲ್ಲಿತ್ತು, ನಿಮ್ಮ ಮನೆ ಅಲ್ಲಿತ್ತು ಎಂದು ಮಕ್ಕಳಿಗೆ ತೋರಿಸುತ್ತೇವೆ. ಕೇಂದ್ರದಲ್ಲಿ ಹುಟ್ಟಿದ ಮಕ್ಕಳು ಕೇಳುವ ಅರ್ಧ ಪ್ರಶ್ನೆಗಳಿಗೆ ನಮ್ಮಲ್ಲಿ ಉತ್ತರವಿಲ್ಲ, ಏಕೆಂದರೆ ಹೇಳಬಲ್ಲವರು ತೀರಿಕೊಂಡಿದ್ದಾರೆ. ಅವರು ಬದುಕಿದ್ದಾಗ ಹೇಳಿದ್ದೆಲ್ಲ ಎಲ್ಲೋ ಒಂದು ಕಪಾಟಿನಲ್ಲಿ ಪ್ರಬಂಧದ ಅನುಬಂಧವಾಗಿ ಕುಳಿತಿದೆ. ನಮ್ಮ ಊರು ಇಡಿಯಾಗಿ ಉಳಿದಿರುವುದು ಅದೊಂದೇ ಜಾಗದಲ್ಲಿ, ಮತ್ತು ಅಲ್ಲಿಗೆ ಹೋಗುವ ದಾರಿ ನಮಗೆ ಗೊತ್ತಿಲ್ಲ.

ನನ್ನ ಬೇಡಿಕೆ ಒಂದೇ ಇದೆ. ನಿಮ್ಮ ಯಾವುದೇ ವಿಭಾಗ ಈ ನಾಡಿನ ಒಂದು ಊರಿನಿಂದ ಮಾಹಿತಿ, ಹಾಡು, ಕಥೆ, ಮಣ್ಣಿನ ಮಾದರಿ, ನಕಾಶೆ, ಏನನ್ನೇ ಒಯ್ದರೂ, ಅದರಿಂದ ಏನು ತಿಳಿಯಿತು ಎಂಬುದನ್ನು ಅದೇ ಊರಿಗೆ ಮರಳಿ ಬಂದು ಕನ್ನಡದಲ್ಲಿ ಹೇಳಬೇಕು ಮತ್ತು ಬರವಣಿಗೆಯ ಒಂದು ಪ್ರತಿಯನ್ನು ಅಲ್ಲಿಯೇ ಬಿಟ್ಟು ಹೋಗಬೇಕು.

ನಾವು ಓದುವ ಕಾಲಕ್ಕೆ ಎಂ.ಎ. ಮಾಡಬೇಕೆಂದರೆ ಧಾರವಾಡಕ್ಕೆ ಹೋಗಬೇಕಾಗಿತ್ತು. ಈಗ ಹಾಗಿಲ್ಲ. ಬೆಳಗಾವಿಯಲ್ಲಿ 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ವಿಜಯಪುರದಲ್ಲಿ 2003ರಲ್ಲಿ ಮಹಿಳಾ ವಿಶ್ವವಿದ್ಯಾಲಯ, ಬಾಗಲಕೋಟೆಯಲ್ಲಿ 2008ರಲ್ಲಿ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ, ಈಚೆಗೆ ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಹುಟ್ಟಿಕೊಂಡಿವೆ. 2011ರ ಜನಗಣತಿಯ ಪ್ರಕಾರವೇ ಈ ಮೂರು ಜಿಲ್ಲೆಗಳಲ್ಲಿ 88 ಲಕ್ಷ ಜನರಿದ್ದರು. ಇವು ನಮ್ಮ ಮಕ್ಕಳಿಗೆ, ವಿಶೇಷವಾಗಿ ದೂರದ ಊರಿಗೆ ಕಳಿಸಲು ಮನೆಯವರು ಒಪ್ಪದ ಹೆಣ್ಣುಮಕ್ಕಳಿಗೆ ಎಷ್ಟು ದೊಡ್ಡ ಉಪಕಾರ ಮಾಡಿವೆ ಎಂಬುದನ್ನು ನನ್ನ ತರಗತಿಯಲ್ಲಿ ಕುಳಿತಿದ್ದ ಹುಡುಗಿಯರನ್ನು ನೋಡಿ ಬಲ್ಲೆ. ಹತ್ತಿರ ಬಂದ ವಿಶ್ವವಿದ್ಯಾಲಯದ ಮೇಲೆ ಹತ್ತಿರದವರ ಹಕ್ಕೂ ಇರುತ್ತದೆ ಎಂದು ನಂಬಿ ಈ ಮಾತು ಆಡುತ್ತಿದ್ದೇನೆ.

ಊರಿನಿಂದ ಒಯ್ದು ಊರಿಗೆ ಮರಳಿ ಕೊಡುವ ವಿದ್ವತ್ತು ನಮ್ಮ ನೆಲಕ್ಕೆ ಹೊಸದಲ್ಲ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಯಾವ ವಿಶ್ವವಿದ್ಯಾಲಯದ ವಿಭಾಗದಲ್ಲಿಯೂ ಇರಲಿಲ್ಲ. ಮನೆಗಳ ಜಗಲಿಯ ಮೇಲೆ ವಿಭೂತಿ ಹಚ್ಚಿಸಿಕೊಂಡು ಪೂಜೆಗೊಳ್ಳುತ್ತಿದ್ದ, ಆದರೆ ಯಾರೂ ಬಿಚ್ಚಿ ಓದದ ವಚನಗಳ ತಾಡೋಲೆಯ ಕಟ್ಟುಗಳನ್ನು ಊರೂರು ತಿರುಗಿ ಕೂಡಿಸಿದರು, ನಕಲು ಮಾಡಿದರು, ಪಾಠ ಹೋಲಿಸಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಹೊರಬಂತು. ಅಷ್ಟಕ್ಕೇ ನಿಲ್ಲದೆ ಮುದ್ರಣಾಲಯ ಹಾಕಿದರು, 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭಿಸಿದರು, ಈ ಕೆಲಸಕ್ಕಾಗಿ ಸ್ವಂತ ಮನೆಯನ್ನೂ ಮಾರಿದರು. ಜಗಲಿಯ ಮೇಲಿನ ಕಟ್ಟು ಓದಬಲ್ಲ ಪುಸ್ತಕವಾಗಿ ಅದೇ ಮನೆಗಳಿಗೆ ಮರಳಿತು. ಅದೇ ಮನುಷ್ಯ 1910ರಲ್ಲಿ ಬಿ.ಎಲ್.ಡಿ.ಇ. ಶಿಕ್ಷಣ ಸಂಸ್ಥೆಯನ್ನು, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಕಟ್ಟಲು ಮುಂದಾಳಾದವರು. ಸಂಶೋಧನೆ ಬೇರೆ, ಸಮಾಜದ ಕೆಲಸ ಬೇರೆ ಎಂಬ ಗೋಡೆ ಅವರ ಬದುಕಿನಲ್ಲಿ ಇರಲಿಲ್ಲ.

ಹಲಸಂಗಿಯ ಗೆಳೆಯರ ಕಥೆ ನಿಮ್ಮ ಕನ್ನಡ ವಿಭಾಗಗಳಲ್ಲಿ ಪಠ್ಯವಾಗಿದೆ. ಭೀಮಾತೀರದ ಆ ಸಣ್ಣ ಊರಿನಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಎಂಬ ತರುಣರು ತಮ್ಮ ತಾಯಂದಿರು, ಅಕ್ಕತಂಗಿಯರು ಬೀಸುವಾಗ ಹಾಡುತ್ತಿದ್ದ ತ್ರಿಪದಿಗಳನ್ನು ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಪ್ರಕಟವಾಯಿತು. ಅದಕ್ಕೆ ಸಾವಿರದ ಇನ್ನೂರು ವರ್ಷಗಳಷ್ಟು ಹಿಂದೆ ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನದಲ್ಲಿ ಕೊರೆದಿದ್ದ ತ್ರಿಪದಿಯೇ ಬೀಸುವ ಕಲ್ಲಿನ ಮುಂದೆಯೂ ಹರಿದು ಬಂದಿದೆ ಎಂಬುದು ಆಗ ಓದುಗರಿಗೆ ಕಾಣುವಂತಾಯಿತು. ಈ ಕೆಲಸ ಮಾಡಿದವರಿಗೆ ಅನುದಾನವಿರಲಿಲ್ಲ, ಧ್ವನಿಮುದ್ರಣ ಯಂತ್ರವಿರಲಿಲ್ಲ. ಅವರು ಹಾಡಿದವರ ನಡುವೆಯೇ ಬದುಕಿದ್ದರಿಂದ, ತಾವು ಬರೆದದ್ದು ತಪ್ಪಾಗಿದ್ದರೆ ಮರುದಿನ ಬೆಳಿಗ್ಗೆಯೇ ತಾಯಿ ತಿದ್ದುತ್ತಿದ್ದಳು. ನಿಮ್ಮ ಜಾನಪದ ಸಂಶೋಧಕರಿಗೆ ಆ ತಿದ್ದುವಿಕೆ ಸಿಗುತ್ತಿಲ್ಲವಲ್ಲ ಎಂಬುದೇ ನನ್ನ ಮುಖ್ಯ ಸಂಕಟ. ಶ್ರೀಕೃಷ್ಣ ಪಾರಿಜಾತ ಬಯಲಾಟದ ಕಲಾವಿದರನ್ನು, ಸಣ್ಣಾಟದವರನ್ನು, ಗೀಗೀ ಮೇಳದ ಹೆಣ್ಣುಮಕ್ಕಳನ್ನು ಧ್ವನಿಮುದ್ರಿಸಿ ಒಯ್ದವರು ಅವರ ಮುಂದೆ ಕುಳಿತು, "ನಿಮ್ಮ ಹಾಡನ್ನು ನಾವು ಹೀಗೆ ಅರ್ಥ ಮಾಡಿದ್ದೇವೆ, ಸರಿಯೇ?" ಎಂದು ಕೇಳಿದ್ದನ್ನು ನಾನಂತೂ ಕಂಡಿಲ್ಲ.

ಇದು ಬರೀ ಭಾವನೆಯ ಮಾತೆಂದು ತಳ್ಳಿಹಾಕಬಾರದು. ಊರಿಗೆ ಮರಳಿ ಹೋಗದಿದ್ದರೆ ಶಾಸ್ತ್ರವೇ ಕೆಡುತ್ತದೆ. ಕೃಷ್ಣೆಯ ಎರಡೂ ದಂಡೆಯ ಅಥಣಿ, ರಾಯಬಾಗ, ಜಮಖಂಡಿ ಸೀಮೆಯಲ್ಲಿ ಕಬ್ಬಿಗೆ ವರ್ಷವಿಡೀ ನೀರು ಹಾಯಿಸಿ ಎರಿ ಭೂಮಿ ಸವುಳು-ಜವುಳಾಗಿದೆ. ಅಲ್ಲಿಯ ಮಣ್ಣನ್ನು ಪರೀಕ್ಷೆಗೆ ಒಯ್ದವರು ಅನೇಕರು. ನೆಲದೊಳಗೆ ತೂತಿನ ಪೈಪು ಹೂಳಿ ಬಸಿಗಾಲುವೆ ಮಾಡಬೇಕು, ಜಿಪ್ಸಂ ಹಾಕಬೇಕು, ಹಸಿರು ಗೊಬ್ಬರಕ್ಕೆ ಡಯಂಚಾ ಬಿತ್ತಿ ಮಣ್ಣಿಗೆ ಸೇರಿಸಬೇಕು ಎಂಬ ಉಪಾಯ ಪುಸ್ತಕದಲ್ಲಿ ಇದೆ, ರೈತನಿಗೂ ಗೊತ್ತಿದೆ. ಅವನ ತೊಡಕು ಬೇರೆಯದು. ಅವನ ಹೊಲದ ಬಸಿನೀರು ಹಳ್ಳಕ್ಕೆ ಹೋಗಬೇಕಾದರೆ ಮೂವರ ಹೊಲ ದಾಟಬೇಕು. ಆ ಮೂವರಲ್ಲಿ ಒಬ್ಬ ದಾಯಾದಿ, ಅವನೊಂದಿಗೆ ಬಾಂದಿನ ವ್ಯಾಜ್ಯ. ಇನ್ನೊಬ್ಬ ಪುಣೆಯಲ್ಲಿದ್ದು ಹೊಲವನ್ನು ಲಾವಣಿಗೆ (ಗುತ್ತಿಗೆಗೆ) ಹಾಕಿದ್ದಾನೆ. ಮತ್ತೊಬ್ಬನ ಹೊಲ ಇನ್ನೂ ಕೆಟ್ಟಿಲ್ಲವಾದ್ದರಿಂದ ಅವನಿಗೆ ಆತುರವಿಲ್ಲ. ಪೈಪಿನ ವ್ಯಾಸ ಲೆಕ್ಕ ಹಾಕುವ ಇಂಜಿನಿಯರಿಂಗ್ ವಿಭಾಗಕ್ಕೆ ಈ ಮೂವರು ಕಾಣುವುದಿಲ್ಲ, ಮೂವರನ್ನು ಕಾಣಬಲ್ಲ ಸಮಾಜಶಾಸ್ತ್ರ ಮತ್ತು ಅರ್ಥಶಾಸ್ತ್ರ ವಿಭಾಗಗಳಿಗೆ ಪೈಪು ತಮ್ಮ ವಿಷಯವೆನಿಸುವುದಿಲ್ಲ. ಎರಡೂ ಕಡೆಯವರು ತಮ್ಮ ವರದಿ ಹಿಡಿದು ಅದೇ ಹೊಲದ ಬಾಂದಿಗೆ ಒಂದೇ ದಿನ ಬಂದು ನಿಂತರೆ, ಅರ್ಧ ಗಂಟೆಯಲ್ಲಿ ಆ ನಾಲ್ವರು ರೈತರೇ ಎರಡು ವಿಭಾಗಗಳ ನಡುವಿನ ಗೋಡೆಯನ್ನು ಕೆಡವಿ ತೋರಿಸುತ್ತಾರೆ.

ನೇಕಾರಿಕೆಯ ಬಗೆಗೂ ಇಷ್ಟೇ ಹೇಳಬೇಕು. ಇಳಕಲ್ಲ ಸೀರೆಯ ಒಡಲಿನ ಹಾಸು ನೂಲಿಗೆ ಸೆರಗಿನ ರೇಷ್ಮೆಯ ಹಾಸು ನೂಲನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ; ಒಂದೊಂದು ಸೀರೆಗೂ ಈ ಕೆಲಸ ಹೊಸದಾಗಿ ಆಗಬೇಕು. ಅದನ್ನು ಮಾಡುವವರು ಬಹುಮಟ್ಟಿಗೆ ಮನೆಯ ಹೆಂಗಸರು. ವಾರ್ಷಿಕ ಆದಾಯ ಕೇಳುವ ಪ್ರಶ್ನಾವಳಿಯಲ್ಲಿ ಈ ಕೊಂಡಿಯ ಕೂಲಿಗೆ ಕಾಲಂ ಇಲ್ಲದಿದ್ದರೆ ಆ ಅಧ್ಯಯನದ ಒಟ್ಟು ಲೆಕ್ಕವೇ ತಪ್ಪುತ್ತದೆ. ವರದಿಯನ್ನು ಆ ಮನೆಯಲ್ಲಿ ಓದಿ ಹೇಳಿದರೆ ಆ ತಪ್ಪನ್ನು ಮೊದಲು ಹಿಡಿಯುವವಳು ಆ ಮನೆಯಾಕೆಯೇ.

ನಿಮ್ಮ ಕಷ್ಟಗಳೂ ನನಗೆ ತಿಳಿಯದವಲ್ಲ. ಎಷ್ಟೋ ವಿಭಾಗಗಳು ಅತಿಥಿ ಉಪನ್ಯಾಸಕರ ದುಡಿಮೆಯ ಮೇಲೆ ನಿಂತಿವೆ. ಮುಂದಿನ ವರ್ಷ ತಾನು ಇರುತ್ತೇನೋ ಇಲ್ಲವೋ ಎಂದು ತಿಳಿಯದವನಿಗೆ ಒಂದು ಊರಿನೊಂದಿಗೆ ಹತ್ತು ವರ್ಷದ ಸಂಬಂಧ ಇಟ್ಟುಕೊಳ್ಳಿ ಎಂದು ಹೇಳುವುದು ಸುಲಭವಲ್ಲ. ಬಡ್ತಿಯ ಅಂಕಗಳು ಪತ್ರಿಕೆಯಲ್ಲಿ ಅಚ್ಚಾದ ಲೇಖನಕ್ಕೆ ಸಿಗುತ್ತವೆ, ಚಾವಡಿಯಲ್ಲಿ ಆಡಿದ ಮಾತಿಗೆ ಸಿಗುವುದಿಲ್ಲ. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಮೌಲ್ಯಮಾಪನಕ್ಕೆ ವಿಸ್ತರಣಾ ಚಟುವಟಿಕೆಯ ಫೋಟೋಗಳು ಬೇಕಾಗುತ್ತವೆ, ಆದ್ದರಿಂದ ಶಿಬಿರಗಳು ನಡೆಯುತ್ತವೆ. 1969ರಿಂದ ನಡೆದಿರುವ ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನದ ಶಿಬಿರಗಳನ್ನು ನಾನು ಗೌರವಿಸುತ್ತೇನೆ. ನನ್ನ ವಿದ್ಯಾರ್ಥಿಗಳೇ ಅಲ್ಲಿ ಗಟಾರ ಬಳಿದು, ಗಿಡ ನೆಟ್ಟು, ಸಂಜೆ ನಾಟಕ ಆಡಿದ್ದಾರೆ. 2014ರಲ್ಲಿ ಆರಂಭವಾದ ಉನ್ನತ ಭಾರತ ಅಭಿಯಾನದಲ್ಲಿ ಪ್ರತಿ ಸಂಸ್ಥೆಯೂ ಐದು ಹಳ್ಳಿಗಳನ್ನು ಆರಿಸಿಕೊಳ್ಳುವ ವ್ಯವಸ್ಥೆ ಇದೆ. ಆದರೆ ಎನ್.ಎಸ್.ಎಸ್. ಘಟಕ ಊರಿಗೆ ಬರುವುದು ಬೇರೆ, ಇತಿಹಾಸ ವಿಭಾಗ ಇತಿಹಾಸ ವಿಭಾಗವಾಗಿ, ತನ್ನ ಶಾಸ್ತ್ರವನ್ನು ಹೊತ್ತುಕೊಂಡು ಬರುವುದು ಬೇರೆ. ಗಟಾರ ಬಳಿಯಲು ನಮಗೂ ಬರುತ್ತದೆ. ನಮ್ಮ ಊರಿನ ವೀರಗಲ್ಲನ್ನು ಓದಲು ನಮಗೆ ಬರುವುದಿಲ್ಲ.

ಈ ವಿಷಯದಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಗಳು ಉಳಿದವರಿಗಿಂತ ಮುಂದಿವೆ ಎಂದು ಒಪ್ಪಿಕೊಳ್ಳಬೇಕು. ಬೋಧನೆ ಮತ್ತು ಸಂಶೋಧನೆಯೊಂದಿಗೆ ವಿಸ್ತರಣೆಯೂ ಅವುಗಳ ಮೂಲ ಕರ್ತವ್ಯ. ಅದಕ್ಕೆ ನಿರ್ದೇಶನಾಲಯವಿದೆ, ಸಿಬ್ಬಂದಿ ಇದ್ದಾರೆ. ಇಂಡಿ ತಾಲ್ಲೂಕಿನ ಲಿಂಬೆ ಬೆಳೆಗಾರ, ತಿಕೋಟಾದ ದ್ರಾಕ್ಷಿ ಬೆಳೆಗಾರ ರೋಗ ಬಂದ ಎಲೆ ಹಿಡಿದು ಯಾರ ಬಳಿ ಹೋಗಬೇಕೆಂದು ಬಲ್ಲರು. ಆದರೆ ಊರಿನ ಹಳೆಯ ಮೋಡಿ ಲಿಪಿಯ ಕಾಗದವನ್ನೋ ಒಡೆದ ಶಾಸನವನ್ನೋ ಹಿಡಿದುಕೊಂಡು, ಇಲ್ಲವೇ ಗೋವೆಗೆ ಗುಳೆ ಹೋದ ತಾಂಡಾದ ಮಕ್ಕಳ ಶಾಲೆಯ ಚಿಂತೆಯನ್ನು ಹೊತ್ತುಕೊಂಡು ಯಾವ ಬಾಗಿಲು ಬಡಿಯಬೇಕು? ಮಾನವಿಕ ಮತ್ತು ಸಮಾಜ ವಿಜ್ಞಾನ ವಿಭಾಗಗಳಲ್ಲಿ ವಾರಕ್ಕೆ ಒಂದು ದಿನ ಜನರಿಗಾಗಿ ತೆರೆದಿಟ್ಟ ಒಂದು ಮೇಜು, ಒಬ್ಬ ಹೊಣೆಗಾರ ಅಧ್ಯಾಪಕ ಇದ್ದರೆ ಸಾಕು. ನಮ್ಮ ವಿಶ್ವವಿದ್ಯಾಲಯಗಳ ಪ್ರಕಟಣಾ ಅಂಗಕ್ಕೆ ಹಿರಿಯರು ಪ್ರಸಾರಾಂಗ ಎಂಬ ಹೆಸರಿಟ್ಟರು. ಆ ಹೆಸರಿನಲ್ಲಿಯೇ ಹೊರಗೆ ಹರಡುವ ಸಂಕಲ್ಪವಿದೆ.

ಭಾಷೆಯ ಮಾತು ಚಿಕ್ಕದಾಗಿ ಹೇಳುತ್ತೇನೆ. ಪ್ರಬಂಧವನ್ನು ಇಂಗ್ಲಿಷಿನಲ್ಲಿ ಬರೆಯುವುದಕ್ಕೆ ನನ್ನ ವಿರೋಧವಿಲ್ಲ. ಹೊರಗಿನ ವಿದ್ವಾಂಸರು ಓದಬೇಕು, ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಅದು ಎಲ್ಲರಿಗೂ ಸಿಗಬೇಕು. ಅದರೊಂದಿಗೆ ಇಪ್ಪತ್ತು ಪುಟದ ಕನ್ನಡ ಸಾರಾಂಶ ಇರಲಿ, ಬೆಳಗಾವಿ-ನಿಪ್ಪಾಣಿ ಕಡೆಯ ಊರುಗಳಿಗೆ ಬೇಕಿದ್ದರೆ ಮರಾಠಿಯಲ್ಲಿಯೂ ಇರಲಿ. ಪದವಿ ಪ್ರದಾನಕ್ಕೆ ಮುಂಚೆ ಆ ಸಾರಾಂಶವನ್ನು ಊರಿನಲ್ಲಿ ಓದಿರುವುದಕ್ಕೆ ಗ್ರಾಮ ಪಂಚಾಯಿತಿಯ ದಿನಾಂಕ ಸಹಿತ ಪತ್ರ ಬೇಕೆಂದು ನೀವು ನಿಯಮ ಮಾಡಬಹುದು. ಪ್ರತಿಯನ್ನು ಇಡಲು ಜಾಗದ ಕೊರತೆಯೂ ಇಲ್ಲ. ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಅಲ್ಲಿ ತಮ್ಮ ಊರಿನ ಬಗ್ಗೆ ಬರೆದ ಒಂದು ಪುಸ್ತಕ ಇದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಮಕ್ಕಳು ತೆಗೆಯುತ್ತಾರೆ.

ಇದೆಲ್ಲಕ್ಕೂ ಕಾಯಲು ಸಮಯವಿಲ್ಲದ ಒಂದು ಕೆಲಸವಿದೆ. ಆಲಮಟ್ಟಿಯಲ್ಲಿ ಈಗ ನೀರು ನಿಲ್ಲುವುದು 519.60 ಮೀಟರ್ ಮಟ್ಟಕ್ಕೆ. ಎರಡನೆಯ ಕೃಷ್ಣಾ ನ್ಯಾಯಮಂಡಳಿ 524.256 ಮೀಟರ್‌ವರೆಗೆ ಒಪ್ಪಿಗೆ ನೀಡಿದೆ. ಆ ಮಟ್ಟ ಬಂದರೆ ಇನ್ನೂ 20 ಹಳ್ಳಿಗಳು ಮತ್ತು ಬಾಗಲಕೋಟೆ ನಗರದ ಕೆಲವು ಭಾಗಗಳು ಮುಳುಗುತ್ತವೆ. ನೀರು ಬೇಕಾದ ರೈತರು ವಿಜಯಪುರದ ಒಣಭೂಮಿಯಲ್ಲಿ ವರ್ಷಗಳಿಂದ ಕಾಯುತ್ತಿದ್ದಾರೆ, ಅವರ ಬೇಡಿಕೆ ನ್ಯಾಯವಾದದ್ದು; ನಾನು ಅಣೆಕಟ್ಟಿನ ಎತ್ತರದ ವಾದಕ್ಕೆ ಇಲ್ಲಿ ಇಳಿಯುವುದಿಲ್ಲ. ಆದರೆ ಆ ಊರುಗಳು ಇಂದು ಇನ್ನೂ ನಿಂತಿವೆ. ಅವುಗಳ ಕಟ್ಟೆಯ ಮೇಲೆ ನನ್ನ ತಂದೆಯಂಥವರು ಇಂದೂ ಕುಳಿತಿದ್ದಾರೆ. ಸರಕಾರದ ಸರ್ವೆಯವರು ಮನೆ, ಹೊಲ, ಗಿಡಗಳನ್ನು ಎಣಿಸುತ್ತಾರೆ. ಹೊಲದ ಹೆಸರನ್ನು, ಓಣಿಯ ಕಥೆಯನ್ನು, ಯಾವ ಮನೆಯವರು ಯಾವ ಹಬ್ಬದಲ್ಲಿ ಯಾವ ಸೇವೆ ಮಾಡುತ್ತಿದ್ದರು ಎಂಬುದನ್ನು ಎಣಿಸುವ ಕಾಲಂ ಅವರಲ್ಲಿಲ್ಲ. ನಿಮ್ಮ ಕನ್ನಡ, ಇತಿಹಾಸ, ಭೂಗೋಳ, ಸಮಾಜಶಾಸ್ತ್ರ ವಿಭಾಗಗಳು ಕೂಡಿ, ಒಂದೊಂದು ಹಳ್ಳಿಗೆ ನಾಲ್ಕು ವಿದ್ಯಾರ್ಥಿಗಳಂತೆ ಹೋದರೆ, ಎರಡು ಬೇಸಿಗೆಯಲ್ಲಿ ಇಪ್ಪತ್ತೂ ಊರಿನ ದಾಖಲೆ ಮುಗಿಯುತ್ತದೆ. ಅದರ ಮೊದಲ ಪ್ರತಿ ಆ ಊರಿನವರ ಕೈಯಲ್ಲಿರಲಿ, ಎರಡನೆಯದು ನಿಮ್ಮ ಗ್ರಂಥಾಲಯದಲ್ಲಿರಲಿ.

ಕೊನೆಗೆ, ನನ್ನ ಸ್ವಂತದ್ದೊಂದು ಕೋರಿಕೆ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ಘಟಪ್ರಭೆಯ ದಂಡೆಯ ಮುಳುಗಡೆ ಊರೊಂದರ ಬಗ್ಗೆ ಬರೆದ ಪ್ರಬಂಧ ನಿಮ್ಮಲ್ಲಿ ಯಾರ ಕಪಾಟಿನಲ್ಲಾದರೂ ಇದ್ದು, ಅದರಲ್ಲಿ ಗ್ರಾಫ್ ಹಾಳೆಯ ಮೇಲೆ ಕೈಯಿಂದ ಬರೆದ ಒಂದು ನಕಾಶೆ ಇದ್ದರೆ, ಅದನ್ನು ನೋಡಿದ ಕೂಡಲೇ ನಾನು ಗುರುತಿಸಬಲ್ಲೆ: ಅಗಸಿಯ ಎಡಕ್ಕೆ ಸಿಹಿನೀರಿನ ಬಾವಿ, ಬಾವಿಯ ಪಕ್ಕಕ್ಕೆ ಎರಡು ಹುಣಸಿ ಮರ. ಅದನ್ನು ತಿದ್ದಿ ತುಂಬಿಸಬಲ್ಲ ಹಿರಿಯರು ನಮ್ಮ ಕೇಂದ್ರದಲ್ಲಿ ಇನ್ನೂ ಒಂಬತ್ತು ಮಂದಿ ಇದ್ದಾರೆ. ಶನಿವಾರ ಸಂಜೆ ಎಲ್ಲರೂ ಇಲ್ಲಿಯ ಹನುಮಪ್ಪನ ಗುಡಿಯ ಮುಂದೆ ಕೂಡಿರುತ್ತಾರೆ. ಹೋದ ತಿಂಗಳು ಬಂದಿದ್ದ ಆ ಮಕ್ಕಳ ಕೈಯಲ್ಲಿಯೇ ಅದನ್ನು ಕೊಟ್ಟು ಕಳಿಸಿದರೂ ಆಗುತ್ತದೆ. ಅವರಿಗೆ ಕೇಳಲು ಉಳಿದ ಪ್ರಶ್ನೆಗಳಿಗೂ ಅಂದೇ ಉತ್ತರ ಕೊಡುತ್ತೇವೆ.

ತಮ್ಮ ವಿಶ್ವಾಸಿ,
ಮುಳುಗಡೆ ಊರಿನ ಒಬ್ಬ ನಿವೃತ್ತ ಶಿಕ್ಷಕ,
ಬಾಗಲಕೋಟೆ ಜಿಲ್ಲೆ